ಎಂಟು ಸಾವಿರ ಕಿಲೋಮೀಟರ್ ದಾರಿಯಲ್ಲಿ ಒಂದು ಸೀಟು

ಹೆಸರು ಕೇಳಕೂಡದೆಂದು ನನಗೆ ಕಟ್ಟಪ್ಪಣೆಯಾಗಿರುವ ಪುಟ್ಟ ಜೀವವೇ,

ನಿನ್ನೂರಿಗೂ ನನ್ನೂರಿಗೂ ಎಂಟು ಸಾವಿರದ ಇನ್ನೂರು ಕಿಲೋಮೀಟರ್. ನೇರ ವಿಮಾನದಲ್ಲಿ ಹತ್ತೂವರೆ ಗಂಟೆ. ಮೂವತ್ತು ವರ್ಷ ಬಸ್ ಓಡಿಸಿದವನು ನಾನು. ನಡುವೆ ಸಮುದ್ರ ಇಲ್ಲದಿದ್ದರೂ ನನ್ನ ಬಸ್ಸಿಗೆ ಅಷ್ಟು ದೂರ ವಾರಗಟ್ಟಲೆ ಹಿಡಿಯುತ್ತಿತ್ತು.

ನಿವೃತ್ತನಾದ ಮೇಲೆ, ರಕ್ತದ ಕಾಯಿಲೆಯವರಿಗೆ ಮೂಳೆಯೊಳಗಿನ ಮಜ್ಜೆ ಕೊಡೋಣವೆಂದು ಆಸ್ಪತ್ರೆಗೆ ಹೋಗಿದ್ದೆ. "ವಯಸ್ಸು ಮೀರಿದೆ ಯಜಮಾನ್ರೇ," ಅಂದಳು ನರ್ಸ್. ನನ್ನ ಮುಖ ಸಪ್ಪಗಾದದ್ದು ಕಂಡು, "ಕಾಲು ಗಟ್ಟಿ ಇದ್ಯಲ್ಲ? ಬೇರೆಯವರು ಕೊಟ್ಟಿದ್ದನ್ನ ತಲುಪಿಸಿ," ಅಂದಳು. ಹಾಗೆ ನಿನ್ನ ಪೆಟ್ಟಿಗೆ ನನ್ನ ಕೈ ಸೇರಿತು. ಒಳಗೆ ಯಾರೋ ಕೊಟ್ಟ ಮಜ್ಜೆಯ ಜೀವಕೋಶಗಳ ಒಂದು ಚೀಲ. ನಿನಗೆ ಆರು ವರ್ಷ ಎಂದಷ್ಟೇ ಹೇಳಿದ್ದರು. ನಿನ್ನ ಸ್ವಂತ ಮಜ್ಜೆಯನ್ನು ಔಷಧಿಯಿಂದ ಆಗಲೇ ಅಳಿಸಿದ್ದರಂತೆ. ಮರುದಿನ ಬೆಳಿಗ್ಗೆ ಇದು ಮೈಗೆ ಸೇರಲೇಬೇಕು.

ನಾಲ್ಕು ಗಂಟೆ ಹಾರಿದ ಮೇಲೆ ಇಂಜಿನ್ ಕೈಕೊಟ್ಟು, ವಿಮಾನ ದಾರಿಯ ಒಂದು ಊರಲ್ಲಿ ಇಳಿಯಿತು. ರಿಪೇರಿಗೆ ಇಡೀ ದಿನ. ನಿನ್ನೂರಿಗೆ ಇನ್ನೊಂದು ವಿಮಾನವೇನೋ ಹೊರಟು ನಿಂತಿತ್ತು, ಒಂದು ಸೀಟೂ ಖಾಲಿಯಿಲ್ಲ. ಪೆಟ್ಟಿಗೆಯಲ್ಲೇನಿದೆ, ಯಾರಿಗೆಂದು ಹೇಳಿದೆ. "ನಾನೇನು ಮಾಡ್ಲಿ ಹೇಳಿ," ಅಂದ ಕೌಂಟರಿನವನ ಕಣ್ಣಲ್ಲೂ ನೀರಿತ್ತು. ಬಸ್ಸಾಗಿದ್ದರೆ ಬಾನೆಟ್ ಎತ್ತುತ್ತಿದ್ದೆ. ಅಲ್ಲಿ ಪೆಟ್ಟಿಗೆ ಅಪ್ಪಿಕೊಂಡು ಪೆದ್ದನಂತೆ ನಿಂತೆ.

ಆ ವಿಮಾನ ಹತ್ತಲು ಸಾಲಿನಲ್ಲಿದ್ದ ಹೆಂಗಸೊಬ್ಬಳು ಎಲ್ಲ ಕೇಳಿಸಿಕೊಂಡಿದ್ದಳು. ಮಗಳ ಮೊದಲ ಹೆರಿಗೆಗೆ ಹೊರಟವಳು. ಕೈಯಲ್ಲಿದ್ದ ಟಿಕೆಟನ್ನು ಒಂದು ಗಳಿಗೆ ನೋಡಿ ಕೌಂಟರಿನ ಮೇಲಿಟ್ಟಳು. "ನನ್ನ ಸೀಟು ಇವರಿಗೆ ಕೊಡಿ."

"ನಿಮ್ಮ ಮಗಳು ಕಾಯ್ತಿರ್ತಾಳಲ್ಲಮ್ಮ," ಅಂದೆ.

"ಅವಳ ಪಕ್ಕ ಡಾಕ್ಟ್ರಿದ್ದಾರೆ. ಈ ಮಗು ಪಕ್ಕಾನೂ ಡಾಕ್ಟ್ರಿದ್ದಾರೆ, ಆದ್ರೆ ಅವರ ಕೈ ಖಾಲಿ ಇದ್ಯಲ್ಲ."

ಅವಳ ಫೋನ್ ನಂಬರು ಬರೆದುಕೊಂಡು ವಿಮಾನದತ್ತ ಓಡಿದೆ.

ನಿನ್ನ ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರು ಪೆಟ್ಟಿಗೆ ಕಸಿದುಕೊಂಡು ಓಡಿದರು, ನನ್ನ ಮುಖವನ್ನೂ ನೋಡಲಿಲ್ಲ. ಹಾಗೆ ಓಡಿದ್ದು ಕಂಡೇ ನನಗೆ ಉಸಿರು ಬಂತು.

ವಾರದ ನಂತರ ಅವಳಿಗೆ ಫೋನ್ ಮಾಡಿದೆ. "ಮರುದಿನ ಬೆಳಿಗ್ಗೆನೇ ಹೆರಿಗೆ ಆಗಿಹೋಗಿತ್ತು. ನಾನು ತಲುಪಿದ್ದು ಸಂಜೆ. ಮಗಳು ಎರಡು ದಿನ ಮಾತು ಬಿಟ್ಟಿದ್ಲು," ಅಂದಳು. ಆಮೇಲೆ, "ಆ ಮಗು ಹೇಗಿದೆ?" ಎಂದು ಕೇಳಿದಳು. ನನಗಿನ್ನೂ ಸುದ್ದಿ ಬಂದಿರಲಿಲ್ಲ, "ಗೊತ್ತಾದಾಗ ಹೇಳ್ತೀನಮ್ಮ," ಅಂದೆ.

ಎರಡು ವರ್ಷದ ಮೇಲೆ ಈಗ ಬಂದಿದೆ. ನೀನು ಶಾಲೆಯ ಮೆಟ್ಟಿಲು ಎರಡೆರಡು ಹಾರಿ ಹತ್ತುತ್ತೀಯಂತೆ, ಬೈಸಿಕೊಳ್ಳುತ್ತೀಯಂತೆ. ಹೆಸರಿಲ್ಲದ ಒಂದು ಪತ್ರ ಬರೆಯಬಹುದೆಂದು ಈ ವಾರ ಅನುಮತಿ ಸಿಕ್ಕಿದೆ. ಅವಳಿಗೂ ಸುದ್ದಿ ಮುಟ್ಟಿಸಿದ್ದೇನೆ. ನಿನ್ನ ಹೊಸ ರಕ್ತಕ್ಕೂ ಅವಳ ಮೊಮ್ಮಗಳಿಗೂ ಒಂದೇ ಹುಟ್ಟಿದ ದಿನ, ಒಂದೇ ಊರು. ಪಾರ್ಕಿನ ಜಾರುಬಂಡೆಯ ಬಳಿ ಎರಡು ವರ್ಷದ ಹುಡುಗಿ ಯಾರಾದರೂ ಹತ್ತಲಾಗದೆ ನಿಂತಿದ್ದರೆ, ಯಾರ ಮಗಳೆಂದು ಕೇಳಬೇಡ; ಕೈ ಹಿಡಿದು ಹತ್ತಿಸು.

ನೂರು ವರ್ಷ ಹೀಗೇ ಬೈಸಿಕೊಂಡು ಬಾಳು, ಕಂದ.

ಇಂತಿ,
ದಾರಿಯಲ್ಲಿ ನಿನ್ನೊಂದಿಗಿದ್ದ ಒಬ್ಬ ತಾತ