ಫಾರಸಿಗೆ ಒಬ್ಬರು ಬೇಕಾಗಿದ್ದಾರೆ

ರಾಣೆಬೆನ್ನೂರು
14 ನವೆಂಬರ್ 2007

ಕುಲ್ಸುಮಬಿಗೆ ಸಲಾಮು.

ಗಂಡ-ಹೆಂಡತಿ ನಾವಿಬ್ಬರೂ ಜಗಳವಾಡಿದ್ದು ಕನ್ನಡದಲ್ಲೇ ಆದ್ದರಿಂದ ಈ ಪತ್ರವೂ ಕನ್ನಡದಲ್ಲೇ ಇರಲಿ. ಎಂಟು ವರ್ಷದ ಹಿಂದೆ, “ನಿಮ್ಮ ಚ್ಯಾಷ್ಟಿಗೆ ನಗೋ ಮಂದೀನ ಬ್ಯಾರೆ ಕಡೆ ಹುಡಿಕ್ಯೊಳ್ರಿ” ಎಂದು ನೀನು ಬ್ಯಾಡಗಿಯ ಅಣ್ಣನ ಮನೆ ಸೇರಿದೆ. ಹುಡುಕಿದೆ. ಸಿಕ್ಕಿಲ್ಲ.

ಹೈಸ್ಕೂಲಿನಲ್ಲಿ ನನ್ನ ಫಾರಸಿ ಈಗ ಪರದೇಸಿ. ಕೊನೆಯ ವಿದ್ಯಾರ್ಥಿನಿ ಈ ವರ್ಷ ಎಸ್ಸೆಸ್ಸೆಲ್ಸಿ ಪಾಸಾದಳು. ಅವಳು ಪಾಸಾದಳು, ನಾನು ಫೇಲಾದೆ. ಒಂದಿಷ್ಟು ಕೆಟ್ಟದಾಗಿ ಕಲಿಸಿದ್ದರೆ ಮತ್ತೆ ಪರೀಕ್ಷೆ ಕಟ್ಟುತ್ತಿದ್ದಳು! ದಿನಾ ಮೂರನೆಯ ಪಿರಿಯಡ್ಡಿಗೆ ಹೋಗಿ, ಹಲಗೆಯ ಮೇಲೆ ತಾರೀಖು ಬರೆದು, ಹನ್ನೆರಡು ಬೆಂಚುಗಳ ಮುಂದೆ ಕೂಡುತ್ತೇನೆ. ಮೊನ್ನೆ ಹೆಡ್‌ಮಾಸ್ತರ ಹಾಲಸಿದ್ದಪ್ಪನವರು ಬಾಗಿಲಲ್ಲಿ ನಿಂತು, “ಸಾಬ್ರ, ಯಾರಿಗೆ ಕಲಸಾಕತ್ತೀರಿ?” ಎಂದರು. “ಬೆಂಚಿಗ್ರೀ. ಹೋಂವರ್ಕ್ ಮಾಡಂಗಿಲ್ಲ, ಆದ್ರ ಗದ್ಲಾನೂ ಮಾಡಂಗಿಲ್ಲ” ಎಂದೆ. ಅವರು ನಗಲಿಲ್ಲ. ಮೇಲಿನಿಂದ ಬಂದ ಕಾಗದ ಕೈಗಿಟ್ಟರು. ಈ ಸಲ ಒಬ್ಬರಾದರೂ ಪರೀಕ್ಷೆಗೆ ಕೂಡದಿದ್ದರೆ ಫಾರಸಿ ಪ್ರಶ್ನೆಪತ್ರಿಕೆಯನ್ನೇ ತೆಗೆದುಬಿಡುತ್ತಾರಂತೆ.

ಆ ಒಬ್ಬರು ನೀನಾಗಬೇಕು.

ನಗಬೇಡ. ಅಥವಾ ನಗು, ಕೇಳಿ ಬಹಳ ದಿನವಾಯಿತು. ನಿನ್ನ ಓದು ಒಂಬತ್ತನೆಯ ತರಗತಿಗೇ ನಿಂತಿತು, ಖರೆ. ಆದರೆ ನಾನು ಪಡಸಾಲೆಯಲ್ಲಿ ಹುಡುಗರಿಗೆ ಪಾಠ ಹೇಳುವಾಗ ನೀನು ಒಳಗೆ ರೊಟ್ಟಿ ಬಡಿಯುತ್ತಲೇ ಫಾರಸಿ ಕಲಿತೆ. ಹುಡುಗರು ತಡವರಿಸಿದಾಗ ಸರಿಯಾದ ಉತ್ತರ ಅಡುಗೆಮನೆಯಿಂದ ಬರುತ್ತಿತ್ತು. ನಾನು, “ಮದ್ಲ ರೊಟ್ಟಿ ಹೊತ್ತೀತು ನೋಡ!” ಎನ್ನುತ್ತಿದ್ದೆ. ಹುಡುಗರು ನಗುತ್ತಿದ್ದರು. ಆಮೇಲಾಮೇಲೆ ನೀನು ಉತ್ತರ ಹೇಳುವುದನ್ನೇ ಬಿಟ್ಟೆ. ನಿನ್ನ ಉತ್ತರ ಎಂದೂ ತಪ್ಪಿರಲಿಲ್ಲ. ರೊಟ್ಟಿಯೂ ಎಂದೂ ಹೊತ್ತಿರಲಿಲ್ಲ. ಇದನ್ನು ಆಗಲೇ ಹೇಳಬೇಕಿತ್ತು.

ಖಾಸಗಿಯಾಗಿ ಪರೀಕ್ಷೆ ಕಟ್ಟುವ ಅರ್ಜಿ ಇದರೊಳಗಿದೆ. ಕೊನೆಯ ದಿನ ಮೂವತ್ತನೆಯ ತಾರೀಖು. ಗಣಿತಕ್ಕೆ ಹೆದರಬೇಡ, ನನಗೂ ಬರುವುದಿಲ್ಲ. ಪರೀಕ್ಷೆಗೆ ಇಲ್ಲಿಗೇ ಬರಬೇಕು. ನಮ್ಮ ಮನೆಯಲ್ಲೇ ಇಳಿಯಬೇಕೆಂದು ಯಾವ ನಿಯಮವೂ ಇಲ್ಲ. ಆದರೂ ಹೊಸ ಚಾಪೆ ತಂದಿಟ್ಟಿದ್ದೇನೆ.

ಬೆಂಚುಗಳ ಪರವಾಗಿ,
ಶಮಶೇರಸಾಬ

ತಾ.ಕ.: 1985ರಲ್ಲಿ ಇದೇ ಪರೀಕ್ಷೆಗೆ ನೀನು ತುಂಬಿಕೊಟ್ಟ ಅರ್ಜಿಯನ್ನು ಬೋರ್ಡಿನವರು ತಿರಸ್ಕರಿಸಿದರು ಎಂದಿದ್ದೆನಲ್ಲ, ಅವರು ಅದನ್ನು ನೋಡಿಯೇ ಇಲ್ಲ. ಇಪ್ಪತ್ತೆರಡು ವರ್ಷ ಅದು ನನ್ನ ಟ್ರಂಕಿನಲ್ಲಿತ್ತು. ನೀನು ಅಂಟಿಸಿದ ಫೋಟೋ ಸಮೇತ ಅದನ್ನೂ ಇದರೊಳಗೆ ಇಟ್ಟಿದ್ದೇನೆ. ಹೊಸದನ್ನು ನನ್ನ ಕೈಗೆ ಕೊಡಬೇಡ. ನೀನೇ ಟಪಾಲಿಗೆ ಹಾಕು.