ನಂಬರ್ ಚೆನ್ನಾಗಿತ್ತು, ಅಮ್ಮಚ್ಚಿ ಚೆನ್ನಾಗಿರಲಿಲ್ಲ

ಮಾನ್ಯ ಆಸ್ಪತ್ರೆ ಆಡಳಿತಾಧಿಕಾರಿಗಳೇ,

ನಿಮ್ಮ ಆಸ್ಪತ್ರೆಯಲ್ಲಿ ನನ್ನ ತಾಯಿ ತೀರಿಕೊಂಡರು. ಅದಕ್ಕಾಗಿ ನೀವು ಜಸೀಲಾ ಎಂಬ ನರ್ಸನ್ನು ಅಮಾನತು ಮಾಡಿದ್ದೀರಿ. ‘ಸಕಾಲದಲ್ಲಿ ವೃತ್ತಿಪರ ವಿವೇಚನೆಯನ್ನು ಬಳಸಲಿಲ್ಲ’ ಎಂಬುದು ಆಕೆಯ ಮೇಲಿನ ಆರೋಪವಂತೆ. ಮೃತರ ಕುಟುಂಬದ ದುಃಖವನ್ನು ಪರಿಗಣಿಸಿ ಈ ಕ್ರಮವಂತೆ. ಆ ಕುಟುಂಬ ಎಂದರೆ ನಾನೊಬ್ಬಳೇ. ನನ್ನ ದುಃಖವನ್ನು ನೀವು ಯಾವಾಗ, ಎಲ್ಲಿ ಕೂತು ಪರಿಗಣಿಸಿದಿರಿ ಎಂದು ಕೇಳೋಣವೆಂದು ನಿಮ್ಮ ಕಚೇರಿಗೆ ಬಂದೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರು. ಮತ್ತೆ ಬಂದೆ, ಮತ್ತೆ ಮೀಟಿಂಗು. ಹಾಗಾಗಿ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನನ್ನ ತಾಯಿ ಲೂರ್ದಮ್ಮ ಮೀನು ಮಾರಿ ನನ್ನನ್ನು ಓದಿಸಿದವರು. ಬಂಗುಡೆಯ ಬುಟ್ಟಿ ಹೊತ್ತು ಬೀದಿಗೆ ಬಂದರೆಂದರೆ ಅವರ ಬಾಯಿಗೆ ಹೆದರಿ ಚರ್ಚಿನ ಪಾದ್ರಿ ಅಚ್ಚನ್ ಕೂಡ ಚೌಕಾಸಿ ಮಾಡುತ್ತಿರಲಿಲ್ಲ. ಕರುಳಿನ ಆಪರೇಷನ್ ಆಗಿ ಎಚ್ಚರವಾದ ಮೇಲೂ ಆ ಬಾಯಿಗೆ ಏನೂ ಆಗಿರಲಿಲ್ಲ. ಫ್ಯಾನಿಗೆ ಬೈದರು, ಪಕ್ಕದ ಹಾಸಿಗೆಯವಳ ಗೊರಕೆಗೆ ಬೈದರು. ಗಂಜಿ ಕೊಡಲು ಶುರುಮಾಡಿದಾಗ ಜಸೀಲಾಳನ್ನು ಹಿಡಿದುಕೊಂಡರು. ಅವಳು ಅಮ್ಮನನ್ನು ‘ಅಮ್ಮಚ್ಚಿ’ ಎಂದೂ ನನ್ನನ್ನು ‘ಚೇಚಿ’, ಅಂದರೆ ಅಕ್ಕ, ಎಂದೂ ಕರೆಯುತ್ತಿದ್ದಳು.

“ಲೇ ಹುಡುಗಿ, ಇದು ಗಂಜಿಯೋ ಪಾತ್ರೆ ತೊಳೆದ ನೀರೋ? ಉಪ್ಪು ಹಾಕೋಕೆ ನಿಮ್ಮಪ್ಪನ ಅಪ್ಪಣೆ ಬೇಕೇನೇ?”

“ಬೈಯೋದಾದ್ರೆ ಜೋರಾಗಿ ಬೈಯಿರಿ ಅಮ್ಮಚ್ಚೀ, ಶ್ವಾಸಕೋಶಕ್ಕೆ ಒಳ್ಳೇದು.”

“ನಿನ್ನ ಕಟ್ಕೊಂಡೋನು ಯಾವ ಪುಣ್ಯಾತ್ಮನೇ? ಅವನ ಹೆಸರಲ್ಲಿ ಒಂದು ಮೇಣದಬತ್ತಿ ಹಚ್ತೀನಿ, ಪಾಪ.”

ಇಬ್ಬರೂ ನಗುತ್ತಿದ್ದರು. ಮರುದಿನ ಮಧ್ಯಾಹ್ನವೂ ಅದೇ ಉಪ್ಪಿಲ್ಲದ ಗಂಜಿ ಬಂತು. ಅಮ್ಮ ಎರಡು ಗುಟುಕು ಕುಡಿದು ಲೋಟ ವಾಪಸ್ಸು ಕೊಟ್ಟರು. “ಸಾಕು ಮೋಳೇ, ಥ್ಯಾಂಕ್ಸ್” ಎಂದು ಜಸೀಲಾಳಿಗೆ ಮಗಳಿಗೆ ಹೇಳುವಂತೆ ಹೇಳಿದರು. ಸದ್ಯ, ಇವತ್ತಾದರೂ ಜಗಳವಿಲ್ಲ ಎಂದು ನಾನು ಉಸಿರು ಬಿಟ್ಟೆ. ಬಾಗಿಲವರೆಗೆ ಹೋಗಿದ್ದ ಜಸೀಲಾ ತಿರುಗಿ ನಿಂತಳು.

“ಚೇಚಿ, ಅಮ್ಮಚ್ಚಿ ಈಗ ಏನಂದ್ರು?”

“ಥ್ಯಾಂಕ್ಸ್ ಅಂದ್ರು. ಯಾಕೆ?”

“ಗೊತ್ತಿಲ್ಲ. ನನಗ್ಯಾಕೋ ಇದು ಸರಿ ಕಾಣ್ತಿಲ್ಲ.”

ಬಂದು ಹಾಸಿಗೆಯ ಬದಿಯಲ್ಲಿ ಕೂತಳು. ಅಮ್ಮನ ಪಾದ ಮುಟ್ಟಿ ನೋಡಿದಳು, ಹೊಟ್ಟೆ ಮುಟ್ಟಿ ನೋಡಿದಳು. ಜ್ವರ, ನಾಡಿ, ಬಿಪಿ, ಉಸಿರು ಎಲ್ಲ ಅಳೆದಳು. ಎಲ್ಲವೂ ನಿಮ್ಮ ಪಟ್ಟಿಯ ಗೆರೆಯೊಳಗೇ ಇದ್ದವು.

ಇನ್ನು ನಿಮ್ಮ ಪಟ್ಟಿಯ ವಿಷಯಕ್ಕೆ ಬರುತ್ತೇನೆ. ಈ ಅಳತೆಗಳಿಗೆಲ್ಲ ಅಂಕ ಕೊಟ್ಟು ಕೂಡಿಸಿ, ಮೊತ್ತ ಗೆರೆ ದಾಟಿದರೆ ವೈದ್ಯರನ್ನು ಕರೆಯಬೇಕು. ಒಳ್ಳೆಯ ಏರ್ಪಾಡೇ. ನಾನೂ ಪಂಚಾಯತಿ ಕಚೇರಿಯ ಗುಮಾಸ್ತೆ, ಪಟ್ಟಿಗಳ ಮೇಲೆ ನನಗೆ ದ್ವೇಷವಿಲ್ಲ. ಆದರೆ ನೀವು ಅದರ ಕೆಳಗೆ ಒಂದು ಸಾಲು ಸೇರಿಸಿದಿರಿ: ಗೆರೆ ದಾಟದಿದ್ದರೆ ಕರೆಯುವಂತಿಲ್ಲ. ಕರೆದರೆ ಅದು ‘ಅನಗತ್ಯ ಕರೆ’, ಕರೆದವಳಿಗೆ ಮೆಮೊ. ಅನಗತ್ಯ ಕರೆಗಳಿಲ್ಲದ ವಾರ್ಡಿಗೆ ತಿಂಗಳ ಕೊನೆಯಲ್ಲಿ ಕೇಕು, ಫೋಟೊ, ಚಪ್ಪಾಳೆ. ಕಣ್ಣಿಗೆ ಬೀಳದ್ದನ್ನು ಹಿಡಿಯಲೆಂದು ಬಂದ ಪಟ್ಟಿಯಿಂದ ಕಣ್ಣನ್ನೇ ಮುಚ್ಚಿಸಬಹುದು ಎಂದು ತಮಗೆ ಹೊಳೆದದ್ದಾದರೂ ಹೇಗೆ ಸ್ವಾಮಿ? ಕಾಯಿಲೆಯೇನು ತಮ್ಮ ಸುತ್ತೋಲೆ ಓದಿಕೊಂಡು ಬರುತ್ತದೆಯೇ?

ಜಸೀಲಾಳ ಹೆಸರಿನಲ್ಲಿ ಆಗಲೇ ಅಂಥ ಒಂದು ಮೆಮೊ ಇತ್ತು. ಆದರೂ ಫೋನ್ ಮಾಡಿದಳು. ವೈದ್ಯರಿಗೆ ನೇರ ಮಾಡುವಂತಿಲ್ಲವಲ್ಲ, ನಿಮ್ಮ ನಿಯಂತ್ರಣ ಕೊಠಡಿಗೆ ಮಾಡಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಎಷ್ಟು ನಂಬರ್ ಎಂದು ಆ ಕಡೆಯವರು ಕೇಳಿದರು.

“ಸಾರ್, ನಂಬರ್ ಚೆನ್ನಾಗಿದೆ. ಅಮ್ಮಚ್ಚಿ ಚೆನ್ನಾಗಿಲ್ಲ.”

“ನಂಬರ್ ಕೆಟ್ಟ ಮೇಲೆ ಕರೆಯಮ್ಮ. ನಿನಗೆ ಅನಿಸಿದ್ದನ್ನೆಲ್ಲ ಬರ್ಕೊಳ್ಳೋಕೆ ಇಲ್ಲಿ ಜಾಗ ಇಲ್ಲ.”

ಆಮೇಲೆ ಅವಳು ಬೇರೆ ಕೆಲಸದ ನಡುವೆ ಮತ್ತೆ ಮತ್ತೆ ಬಂದು ಅಳೆದಳು. ಅಮ್ಮನ ಮೈಯ ಅಂಕಿ ಕೆಡಲಿ ಎಂದು ಕಾಯುವ ಕೆಲಸಕ್ಕೆ ಅವಳನ್ನು ಹಚ್ಚಿದ್ದಿರಿ ನೀವು. ಸಂಜೆ ಅಂಕಿ ಕೆಟ್ಟಿತು, ಎಲ್ಲವೂ ಒಟ್ಟಿಗೇ ಕೆಟ್ಟಿತು. ಡಾಕ್ಟರು ಓಡಿ ಬಂದರು. ಕರುಳಿನ ಹೊಲಿಗೆ ಬಿಟ್ಟು ಹೊಟ್ಟೆಯೊಳಗೆ ವಿಷ ಹರಡಿತ್ತು. ಮತ್ತೆ ಆಪರೇಷನ್ ಮಾಡಿದರು, ಅಮ್ಮ ಕಣ್ಣು ಬಿಡಲಿಲ್ಲ. ಆ ಡಾಕ್ಟರು ನನ್ನೆದುರು ಕೂತು ಹೇಳಿದರು: “ಬಿಪಿ ಮಾತ್ರೆ ತಗೋತಿದ್ರಲ್ಲ, ಅದು ನಾಡೀನ ಏರೋಕೆ ಬಿಟ್ಟಿಲ್ಲ. ಮಧ್ಯಾಹ್ನ ನನ್ನನ್ನ ಕರೆದಿದ್ರೆ ಬರ್ತಿದ್ದೆ. ಯಾರೂ ಹೇಳ್ಲೇ ಇಲ್ವಲ್ಲ.” ಮಧ್ಯಾಹ್ನ ಬಂದಿದ್ದರೆ ಅಮ್ಮ ಉಳಿಯುತ್ತಿದ್ದರೇ? ನನಗೆ ಗೊತ್ತಿಲ್ಲ. ಆ ಪ್ರಶ್ನೆಯ ಜೊತೆಗೇ ಏಳುತ್ತೇನೆ, ಅದರ ಜೊತೆಗೇ ಮಲಗುತ್ತೇನೆ.

ವಿವೇಚನೆ ಬಳಸಿದಾಗ ಮೆಮೊ, ಬಳಸಲಿಲ್ಲವೆಂದು ಅಮಾನತು. ಎರಡಕ್ಕೂ ಸಹಿ ಹಾಕಿದ್ದು ಒಂದೇ ಕೈ.

ಅಮ್ಮನನ್ನು ಮಣ್ಣು ಮಾಡಿದ ಮೇಲೆ ಜಸೀಲಾ ಮನೆಗೆ ಬಂದಳು. ಒಳಗೆ ಬಾ ಎಂದರೂ ಬರದೆ ಜಗಲಿಯಲ್ಲೇ ಕೂತಳು. “ನಾನೇ ಓಡಿಹೋಗಿ ಡಾಕ್ಟರ ಕೈ ಹಿಡಿದು ಎಳ್ಕೊಂಡು ಬರ್ಬೇಕಿತ್ತು ಚೇಚಿ” ಎಂದಳು. ಅವಳ ಮೇಲೆಯೂ ನನಗೆ ಸಿಟ್ಟಿತ್ತು, ಸುಳ್ಳೇಕೆ ಹೇಳಲಿ? ಇಬ್ಬರೂ ಅತ್ತೆವು. ಏಳುವಾಗ ಅವಳು ಹೇಳಿದ ಮಾತು ಮಾತ್ರ ನನ್ನನ್ನು ಎರಡನೇ ಸಲ ಕೊಂದಿತು. “ಇನ್ಮೇಲೆ ಎಲ್ಲೇ ಕೆಲಸ ಸಿಕ್ಲಿ ಚೇಚಿ, ನಂಬರ್ ಏನು ಹೇಳುತ್ತೋ ಅಷ್ಟೇ ಮಾಡ್ತೀನಿ. ಮುಖ ನೋಡೋಕೆ ಹೋಗಲ್ಲ.”

ನಿಮ್ಮ ಆಸ್ಪತ್ರೆಯಲ್ಲಿ ನನ್ನ ಅಮ್ಮನ ಮುಖ ನೋಡಿದವಳು ಅವಳೊಬ್ಬಳೇ. ಅವಳನ್ನೂ ನೀವು ಹೀಗೆ ಮಾಡಿಬಿಟ್ಟಿರಿ.

ಪರಿಹಾರದ ಹಣ ಬೇಡ, ಸಂತಾಪ ಸಭೆಯೂ ಬೇಡ. ನನ್ನ ತಾಯಿಯ ಹೆಸರಿನಲ್ಲಿ ಹೊರಡಿಸಿದ ಅಮಾನತನ್ನು ಹಿಂತೆಗೆದುಕೊಳ್ಳಿ. ಆ ಒಂದು ಸಾಲನ್ನು ಅಳಿಸಿ, ‘ನನಗೆ ಇದು ಸರಿ ಕಾಣ್ತಿಲ್ಲ’ ಎಂದು ಯಾವ ನರ್ಸ್ ಹೇಳಿದರೂ ಡಾಕ್ಟರು ಹಾಸಿಗೆಯ ಬಳಿ ಬರಬೇಕು ಎಂದು ಬರೆಯಿರಿ. ಅಮ್ಮ ಮಲಗಿದ್ದ ಹಾಸಿಗೆಯಲ್ಲಿ ಈಗ ಇನ್ನಾರೋ ಇದ್ದಾರೆ. ಅವರ ಪಕ್ಕಕ್ಕೆ ಜಸೀಲಾಳನ್ನು ಕಳಿಸಿ.

ಇಂತಿ,
ಬೈಯುವವರಿಲ್ಲದ ಮನೆಯಿಂದ,
ಜೆಸಿಂತಾ
ಲೂರ್ದಮ್ಮನ ಮಗಳು