ಶಹ್ವಾನ್ ಓಣಿಯ ಬೀಗ

ಮಾರ್ಚ್ 19

ಬೆಳಗ್ಗೆಯಿಂದ ಅದೇ ಕೆಲಸ. "ನಿಮ್ಮ ಆಟ ಯಾವಾಗ ಬರುತ್ತೆ?" ಎಂದು ಕೇಳಿದವರಿಗೆಲ್ಲ "ಇನ್ನು ಸ್ವಲ್ಪ ದಿನ, ಇನ್ಶಾ ಅಲ್ಲಾ" ಎಂದು ಬರೆಯುವುದು. ನನ್ನ ನಿಜವಾದ ಕೆಲಸ ಮನೆ ಕಟ್ಟುವುದು. ಕಂಪ್ಯೂಟರಿನಲ್ಲಿ ನಮ್ಮ ಮೊಸುಲ್‌ನ ಹಳೆಯ ಪೇಟೆ, ಒಂದೊಂದೇ ಗೋಡೆ. ಉತ್ತರ ಕೊಡುತ್ತಿದ್ದ ಹುಡುಗಿ ಬಿಟ್ಟುಹೋದ ಮೇಲೆ ಇದೂ ನನ್ನ ತಲೆಗೇ ಬಂತು.

'ಮಾಳಿಗೆ ಓಟ' ಆಗಲೇ ಮೂರು ಸಲ ಮುಂದಕ್ಕೆ ಹೋಗಿದೆ. ಕಳೆದುಹೋದ ಪಾರಿವಾಳದ ಹಿಂದೆ ಮಾಳಿಗೆಯಿಂದ ಮಾಳಿಗೆಗೆ ಓಡುವ ಹುಡುಗಿ — ಅಷ್ಟೇ ಆಟ. ಒಬ್ಬ ಬರೆದಿದ್ದಾನೆ: "ನಿಮ್ಮ ಆಟ ಬರೋಷ್ಟರಲ್ಲಿ ಆ ಪಾರಿವಾಳಕ್ಕೆ ಮೊಮ್ಮಕ್ಕಳಾಗಿರುತ್ತೆ." ನಕ್ಕೆ. ಆಮೇಲೆ ಹೊಟ್ಟೆ ಉರಿಯಿತು. ರಂಜಾನ್ ಉಪವಾಸದಿಂದಲ್ಲ.

ಮಾರ್ಚ್ 21

ಮುಸನ್ನಾ ಎಲ್ಲರನ್ನೂ ಕೂರಿಸಿಕೊಂಡ. ಸ್ಟುಡಿಯೋ ಅವನದು, ಮಾತೂ ಅವನದೇ.

"ಹಬ್ಬಕ್ಕೆ ಬಿಡಲೇಬೇಕು. ದುಡ್ಡು ಹಾಕಿದೋರು ಇನ್ನು ಕಾಯಲ್ಲ."

"ಶಹ್ವಾನ್ ಓಣೀದು ಒಂದು ಗೋಡೆನೂ ಎದ್ದಿಲ್ಲ, ಉಸ್ತಾದ್."

"ಹಾಗಾದ್ರೆ ಒಂದು ಬಾಗಿಲು ಹಾಕು, ನವ್ರಸ್. ಯಾರೂ ಒಳಗೆ ಹೋಗೋದು ಬೇಡ."

ಎಷ್ಟು ಸುಲಭ! ಶಹ್ವಾನ್ ಎಂದರೆ ಯುದ್ಧದಲ್ಲಿ ನೆಲಸಮವಾದ ಓಣಿ. "ನಿಮ್ಮ ಮನೆಯ ಫೋಟೋ ಕಳಿಸಿ, ಆಟದಲ್ಲಿ ಕಟ್ಟಿಕೊಡುತ್ತೇವೆ" ಎಂದು ಊರಿಗೆಲ್ಲ ಸಾರಿದ್ದೆವು. ಸಾರಿದವಳು ನಾನು. ಜನ ಮದುವೆಯ ಆಲ್ಬಮ್ ಹರಿದು ಕಳಿಸಿದರು. ಮೂಲೆ ಸುಟ್ಟ ಫೋಟೋಗಳೂ ಬಂದವು. ಪೋಸ್ಟ್‌ನಲ್ಲಿ ಹೋದರೆ ಕಳೆದೀತು ಎಂದು ಕೆಲವರು ಮೆಟ್ಟಿಲು ಹತ್ತಿ ಬಂದು ಕೈಗೇ ಕೊಟ್ಟು ಹೋದರು.

ಮಾರ್ಚ್ 24

ಬಾಗಿಲು ಮಾಡಿದೆ. ಬೂದು ಅಮೃತಶಿಲೆಯ ಕಮಾನು, ಮೊಳೆ ಹೊಡೆದ ಎರಡು ಹಲಗೆ. ಬೋಳು ಬೋಳಾಗಿ ಕಂಡಿತು. ದೊಡ್ಡದೊಂದು ಹಿತ್ತಾಳೆಯ ಬೀಗ ಹಾಕಿದೆ. ಕೈ ಮುಟ್ಟಿ ಮುಟ್ಟಿ ಸವೆದ ಹಾಗೆ ಹೊಳಪು ಕೊಟ್ಟೆ. ಸುಮ್ಮನೆ ಜಂಬಕ್ಕೆ. ಮಾಡದೆ ಇದ್ದ ಕೆಲಸದ ನಾಚಿಕೆ ಮುಚ್ಚಲಿಕ್ಕೆ ಅಂತಲೂ ಇರಬಹುದು.

ಆಟದ ಕೋಡ್ ಬರೆಯುವ ಯಾರುಬ್ ಬಗ್ಗಿ ನೋಡಿದ. "ಬೀಗಾನೇ ಇಷ್ಟು ಚೆನ್ನಾಗಿದ್ರೆ ಒಳಗೆ ಇನ್ನೇನಿದೆಯೋ ಅಂತ ಜನ ಸಾಯ್ತಾರೆ ಕಣೇ."

"ಒಳಗೆ ಏನೂ ಇಲ್ಲ."

"ಅದು ನಂಗೊತ್ತು."

ಏಪ್ರಿಲ್ 11

ಹಬ್ಬ. ಅಮ್ಮನ ಖರ್ಜೂರದ ಬಿಸ್ಕತ್ತು ತಟ್ಟೆಯಲ್ಲೇ ಉಳಿಯಿತು. ಆಟ ಬಿಟ್ಟಾಗಿದೆ. ಮೆಟ್ಟಿಲು ಹತ್ತುತ್ತಿದ್ದಂತೆ ಹುಡುಗಿ ನೆಲದೊಳಗೆ ಬೀಳುತ್ತಾಳೆ. ಪಾರಿವಾಳ ಹಿಂದುಹಿಂದಕ್ಕೆ ಹಾರುತ್ತದೆ. ಬೈಗುಳದ ಮಳೆ. "ಅರೆಬೆಂದ ಕುಬ್ಬಾ ಬಡಿಸಿದ್ರಲ್ಲೋ, ಹಬ್ಬದ ದಿನಾನೂ!" ಸರಿಯಾಗಿಯೇ ಹೇಳಿದ್ದಾರೆ. ಬೈಯಲಿ.

ಏಪ್ರಿಲ್ 16

ಬೈಗುಳ ನಿಂತಿದೆ. ಬೀಗ ಸಿಕ್ಕಿದೆ ಅವರಿಗೆ!

ಬೀಗ ಇದ್ದರೆ ಬೀಗದ ಕೈ ಇರಲೇಬೇಕಂತೆ. ಎಲ್ಲರೂ ಹುಡುಕುತ್ತಿದ್ದಾರೆ. ಬಾವಿಯಲ್ಲಿ, ಪಾರಿವಾಳದ ಗೂಡಿನಲ್ಲಿ, ಮಿನಾರಿನ ತುದಿಯಲ್ಲಿ. "ಇವರು ಮೋಸ ಮಾಡಿಲ್ಲ, ಶಹ್ವಾನ್ ಬಚ್ಚಿಟ್ಟಿದ್ದಾರೆ" ಎಂದು ನಮ್ಮ ಪರವಾಗಿ ಜಗಳಕ್ಕೂ ನಿಂತಿದ್ದಾರೆ. ಓದಲಾಗಲಿಲ್ಲ.

ಮುಸನ್ನಾ ಕುಣಿಯುವುದೊಂದು ಬಾಕಿ. "ಹುಡುಕಲಿ ಬಿಡು! ಹುಡುಕೋರು ಬೈಯಲ್ಲ. ಒಂದು ಸಾಲು ಬರಿ, ಆಸೆ ಹುಟ್ಟೋ ಹಾಗೆ."

"ಸುಳ್ಳಾಗುತ್ತೆ."

"ಸುಳ್ಳು ಹೇಳು ಅಂದ್ನಾ? ಆಸೆ ಹುಟ್ಟಿಸು ಅಂದೆ."

ಬರೆದೆ: "ಕಣ್ಣಿಟ್ಟು ನೋಡಿ." ಎರಡೇ ಪದ. ಛೀ, ನನ್ನ ಜನ್ಮಕ್ಕೆ.

ಏಪ್ರಿಲ್ 23

ಇವತ್ತು ಕುತೈಬಾ ಬಂದಿದ್ದ. ನದಿಯಾಚೆ ಕ್ಷೌರದಂಗಡಿ ಇಟ್ಟವನು. ಹುಡುಕುವವರಿಗೆಲ್ಲ ಇವನೇ ಮುಂದಾಳು. ಯಾವ ಗೋಡೆ ತಟ್ಟಿಯಾಯಿತು, ಯಾವುದು ಬಾಕಿ ಎಂದು ದಿನಾ ಬರೆಯುತ್ತಾನೆ. ಜೊತೆಗೆ ಅವನ ತಾಯಿ, ಹಸೀಬಾ. ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದ ಹೆಂಗಸು ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಬೀಗದ ಕೈ ಎಲ್ಲಿದೆ ಅಂತ ಇವನಿಗೆ ಹೇಳ್ಬೇಡ ಮಗಳೇ, ಆಟ ಕೆಡುತ್ತಂತೆ. ನನ್ನ ಕಿವೀಲಿ ಮಾತ್ರ ಹೇಳು."

"ಅಮ್ಮಾ!" ಎಂದ ಕುತೈಬಾ, ಕಿವಿಯೆಲ್ಲ ಕೆಂಪಾಗಿ.

"ನೀನು ಸುಮ್ನಿರೋ. ಬಾಗಿಲು ದಾಟಿ ಎಡಕ್ಕೆ ಎರಡನೇದು ನಮ್ಮನೆ. ಮೊದಲನೇದು ನಸೀಮಾದು. ಮಹಾ ಬಾಯಿಬಡುಕಿ, ನಮ್ಮ ಗೋಡೆಗೆ ಅವಳ ಒಲೆ ಹೊಗೆ. ಅದನ್ನೂ ಹಾಕಿದೀಯ ತಾನೆ?"

ಅವರ ಫೋಟೋ ನನಗೆ ಚೆನ್ನಾಗಿ ನೆನಪಿದೆ. ಅಂಗಳ, ಕಹಿಕಿತ್ತಳೆ ಗಿಡ, ದೊಡ್ಡ ಪಾತ್ರೆಯ ಮುಂದೆ ಕೂತು ದ್ರಾಕ್ಷಿ ಎಲೆ ಸುತ್ತುತ್ತಿರುವ ಇದೇ ಹೆಂಗಸು.

ನಿಜ ನಾಲಗೆಯ ತುದಿಗೆ ಬಂದಿತ್ತು. "ಸ್ವಲ್ಪ ದಿನ ಅಮ್ಮಾ" ಎಂದೆ.

ಮೇ 9

ಸ್ಟುಡಿಯೋದ ಅರ್ಧ ಜನರನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ದಾರೆ. ಶಹ್ವಾನ್ ಕಟ್ಟಬೇಕಾಗಿದ್ದವರಲ್ಲಿ ನನ್ನನ್ನು ಬಿಟ್ಟರೆ ಒಬ್ಬರೂ ಉಳಿದಿಲ್ಲ. ಮುಗೀತು. ಇನ್ನು ಆ ಓಣಿ ಏಳುವುದಿಲ್ಲ. ಹೊರಗಿನವರಿಗೆ ಗೊತ್ತಿಲ್ಲ. ಕುತೈಬಾ ಇವತ್ತು ಬೆಳಗ್ಗೆಯೂ ಬರೆದಿದ್ದ: "ಹಮಾಮು ಸ್ನಾನಗೃಹದ ಹಿಂದಿನ ಗೋಡೆ ನೋಡಿಯಾಯಿತು. ಯಾರೂ ಸೋಲಬೇಡಿ."

ಒಂದು ಮನೆ ಕಟ್ಟುತ್ತೇನೆ, ಹಸೀಬಾ ಅಮ್ಮನದು. ಒಬ್ಬಳೇ. ಒಂದಾದರೂ ಇರಲಿ.

ಮೇ 22

ಗಿಡ ಆಯಿತು. ಬಾವಿಕಟ್ಟೆ ಆಯಿತು. ನೆಲಮಾಳಿಗೆಯ ಮೆಟ್ಟಿಲು ಯಾವ ಕಡೆ ಎಂದು ಹಸೀಬಾ ಅಮ್ಮನಿಗೆ ಫೋನ್ ಮಾಡಿದೆ. ನಲ್ಲಿ ಎಲ್ಲಿತ್ತು, ಯಾವ ಕಲ್ಲು ಸಡಿಲ, ಎಲ್ಲ ಹೇಳಿದರು. ಎರಡು ಸಲ ಅತ್ತರು, ಒಂದು ಸಲ ನನ್ನನ್ನೇ ಬೈದರು. ಎಷ್ಟೋ ತಿಂಗಳ ಮೇಲೆ ಕೆಲಸದಲ್ಲಿ ಸುಖವಾಯಿತು.

ಮೇ 26

ಅಪ್‌ಡೇಟ್ ಹೋಯಿತು. "ಒಂದೇ ಮನೆ ಇರುವುದು ಅಂತ ಬರೀಬೇಕು" ಎಂದು ಮುಸನ್ನಾಗೆ ಮತ್ತೆ ಮತ್ತೆ ಹೇಳಿದೆ. ತಲೆಯಾಡಿಸಿದ. ಹಾಕಿದ್ದು ಹೀಗೆ: "ಶಹ್ವಾನ್ ತೆರೆಯಿತು!"

ಕೇಳಿದರೆ, "ತೆರೆದಿದೆ ಅಲ್ವಾ?" ಎನ್ನುತ್ತಾನೆ. ಹಾಳಾದವನು.

ಮೇ 27, ಮಧ್ಯಾಹ್ನ

ಎಲ್ಲರೂ ಓಡಿ ಬಂದಿದ್ದಾರೆ. ಬೀಗ ತೆಗೆದಿದ್ದು ಕಂಡ ಕೂಡಲೇ ಓಣಿಯಲ್ಲಿ ತಮ್ಮ ತಮ್ಮ ಮನೆ ಹುಡುಕಿದ್ದಾರೆ. ಒಂದು ಅಂಗಳ, ಒಂದು ಗಿಡ, ಸುತ್ತ ಬರೀ ಬೂದು.

"ನಮ್ಮನೆ ಎಲ್ಲಿ?"

"ನನ್ನ ಅಜ್ಜನ ಬಾಗಿಲಿನ ಫೋಟೋ ಕೊಟ್ಟಿದ್ದೆ. ಎಲ್ಲಿ?"

"ಆ ಕ್ಷೌರದವನು ಎಷ್ಟು ಕೊಟ್ಟ ನಿಮಗೆ?"

ಅದೇ ಫೋಟೋಗಳನ್ನು ಮತ್ತೆ ಕಳಿಸುತ್ತಿದ್ದಾರೆ. ನಾವು ಕಳೆದುಹಾಕಿದ್ದೇವೆ ಎಂದುಕೊಂಡು ಕೆಲವರು ಕ್ಷಮೆ ಬೇರೆ ಕೇಳಿದ್ದಾರೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮೇ 28

ಕುತೈಬಾ ಫೋನ್ ಮಾಡಿದ. ಅಂಗಡಿಯ ಬಾಗಿಲಿಗೆ ಯಾರೋ ಮಸಿ ಬಳಿದಿದ್ದಾರೆ. ಅದಕ್ಕಲ್ಲವಂತೆ ಫೋನ್.

"ಅಮ್ಮನಿಗೆ ತೋರಿಸ್ದೆ ಅಕ್ಕಾ. ಗಿಡ ನೋಡಿ ನಕ್ಕಳು. ಬಾವಿ ನೋಡಿ ನಕ್ಕಳು. ಆಮೇಲೆ ಬಾಗಿಲಾಚೆ ಕರ್ಕೊಂಡು ಹೋಗು ಅಂದ್ಲು, ನಸೀಮಾ ಮನೆಗೆ."

ಫೋನ್ ಹಿಡಿದೇ ನಾನೂ ಆ ಅಂಗಳವನ್ನು ಪರದೆಯ ಮೇಲೆ ತೆರೆದೆ.

"ಹೊರಗೆ ಏನೂ ಇಲ್ವಲ್ಲ. ಸುಮ್ನೆ ನೋಡ್ತಾ ನಿಂತ್ಲು. 'ನಾವು ವಾಪಸ್ ಬಂದ ದಿನ ಹೀಗೇ ಇತ್ತು ಕಣೋ' ಅಂದ್ಲು. ಅವತ್ತು ನಮ್ಮದೊಂದೇ ಮನೆ ನಿಂತಿತ್ತು ಅಕ್ಕಾ, ಒಂದು ವಾರ. ಆಮೇಲೆ ಅದೂ ಬಿತ್ತು. ನಿಮಗೆ ಹೇಗೆ ಗೊತ್ತಿರುತ್ತೆ, ಬಿಡಿ."

ಅವನು ಬೈಯಲಿಲ್ಲ. ಬೈಯಲಿ ಎಂದು ಕಾದೆ.

"ಮತ್ತೆ ಬೀಗ ಹಾಕ್ಬಿಡಿ ಅಕ್ಕಾ. ಬೀಗ ಇದ್ದಾಗ ಒಳಗೆ ಎಲ್ಲರೂ ಇದ್ರು."

ಮೇ 30

ಬೀಗ ಹಾಕಲಿಕ್ಕೆ ಮುಸನ್ನಾ ಒಪ್ಪಿದ. ಒಪ್ಪದೆ ಏನು? "ಇನ್ನೂ ದೊಡ್ಡ ಶಹ್ವಾನ್, ಸದ್ಯದಲ್ಲೇ, ಅಂತ ಬರಿ" ಎಂದ. ಯಾರುಬ್ ನನ್ನ ಮುಖ ನೋಡಿ ಹೊರಗೆ ಎದ್ದು ಹೋದ.

ಬೀಗ ಹಾಕಿದೆ. ಅಂಗಳವನ್ನು ಅಳಿಸಲು ಕೈ ಬರಲಿಲ್ಲ. ಒಳಗೇ ಇದೆ.

ಕುತೈಬಾ ಇವತ್ತು ಏನೂ ಬರೆದಿಲ್ಲ. ಬೇರೆ ಯಾರೋ ಆಗಲೇ ಕೇಳಿದ್ದಾರೆ: "ಮತ್ತೆ ಮುಚ್ಚಿದ್ರಾ? ಹಾಗಾದ್ರೆ ಈ ಸಲ ಪೂರ್ತಿ ಕಟ್ತಿದೀರಿ ಅಂತ ತಾನೆ?"

ಉತ್ತರದ ಜಾಗ ಖಾಲಿ ತೆರೆದಿಟ್ಟಿದ್ದೇನೆ. ಮೊದಲು ಈ ಡೈರಿಯಲ್ಲಿ ಬರೆದು ನೋಡುತ್ತೇನೆ, ಆಮೇಲೆ ಅಲ್ಲಿ.

ಇಲ್ಲ. ಶಹ್ವಾನ್ ಬರುವುದಿಲ್ಲ. ಬೀಗದ ಕೈ ಇರಲೇ ಇಲ್ಲ. ಅದು ಗೊತ್ತಿದ್ದೂ ನಾನು ನಿಮಗೆ "ಕಣ್ಣಿಟ್ಟು ನೋಡಿ" ಎಂದೆ.